ಕೊಟ್ರಪ್ಪ ಮೇಷ್ಟ್ರ ತೆರಿಗೆ ಶೀಟು

ಹೋದ ಫೆಬ್ರವರಿಯಲ್ಲಿ ನಮ್ಮ ಶಾಲೆಯ ವಿಜ್ಞಾನದ ಟೀಚರೊಬ್ಬರು ಬ್ಯಾಂಕಿನ ಕಾಗದವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮಗಳ ಇಂಜಿನಿಯರಿಂಗ್ ಓದಿಗೆ ತೆಗೆದ ಸಾಲಕ್ಕೆ ಆ ವರ್ಷ ಕಟ್ಟಿದ ಬಡ್ಡಿಯ ಪ್ರಮಾಣಪತ್ರ ಅದು. "ಇದನ್ನೂ ಟ್ಯಾಕ್ಸಿನಾಗೆ ಕಳೀಬಹುದಂತಲ್ರಿ ಮೇಡಂ, ಸೇರಿಸಿಬಿಡ್ರಿ" ಎಂದು ಹೇಳಿ ತರಗತಿಗೆ ಹೋದರು. ಕಳೆಯಬಹುದು ನಿಜ. ಮಕ್ಕಳ ಓದಿಗೆ ಅಪ್ಪ ಅಮ್ಮ ತೆಗೆದ ಸಾಲದ ಬಡ್ಡಿಗೆ ಈಗ ವಿನಾಯಿತಿ ಉಂಟು, ಶಾಲೆಯ ಫೀಸಿಗೂ ಉಂಟು. ಎರಡು ನಿಮಿಷದ ಕೆಲಸ. ಆದರೆ ನಾನು ಆ ಕಾಗದ ಹಿಡಿದುಕೊಂಡು ಪೀರಿಯಡ್ ಮುಗಿದ ಗಂಟೆ ಹೊಡೆಯುವವರೆಗೂ ಸುಮ್ಮನೆ ಕೂತಿದ್ದೆ. ಹೆಡ್‌ಮಿಸ್ಟ್ರೆಸ್ ಕುರ್ಚಿಯಲ್ಲಿ ಕೂತು ವರ್ಷಗಳೇ ಆದವು, ನನ್ನನ್ನು ಕಂಡರೆ ಹೆದರುವವರು ಈ ಶಾಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೂ ಆ ಕಾಗದಕ್ಕೆ ನಾನು ಹೆದರಿದ್ದೆ.

ಬಹಳ ವರ್ಷಗಳ ಹಿಂದಿನ ಮಾತು, ದಾವಣಗೆರೆ ಜಿಲ್ಲೆಯಾದ ಹೊಸತು. ಹರಿಹರದ ಒಂದು ಅನುದಾನಿತ ಹೈಸ್ಕೂಲಿಗೆ ನಾನು ಗಣಿತದ ಟೀಚರಾಗಿ ಸೇರಿ ಎಂಟು ತಿಂಗಳಾಗಿತ್ತು. ಸೇರಿದ್ದೆ ಎಂದರೆ ಪೂರ್ತಿ ಸೇರಿದ್ದೆ ಎಂದಲ್ಲ. ಆಡಳಿತ ಮಂಡಳಿಯವರು ನೇಮಿಸಿಕೊಂಡಿದ್ದರು, ಇಲಾಖೆಯ ಅನುಮೋದನೆ ಬಂದಿರಲಿಲ್ಲ. ಅದು ಬರುವವರೆಗೆ ಸರ್ಕಾರದ ಸಂಬಳ ಇಲ್ಲ, ಮಂಡಳಿ ಕೊಡುವ ಚೂರುಪಾರು ಗೌರವಧನವೇ ಗತಿ. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಬಾಗಿಲು ಹಾಕಿ ಆಗಲೇ ಕೆಲವು ವರ್ಷಗಳಾಗಿದ್ದವು. ಅಪ್ಪ ಆ ಮೇಲೆ ಒಂದು ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುವ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ನಾನು ಹರಿಹರದ ಬಸ್ಸಿಳಿದು ದಾವಣಗೆರೆಯ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಅವರದು ಒಂದೇ ಪ್ರಶ್ನೆ.

"ಆರ್ಡರ್ ಬಂತೇನವ್ವ?"

"ಇನ್ನೂ ಇಲ್ಲಪ್ಪ."

ಮಂಡಳಿಯ ಕಾರ್ಯದರ್ಶಿಗಳಿಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಸಗಟು ವ್ಯಾಪಾರದ ಅಂಗಡಿಯಿತ್ತು. ತಿಂಗಳಿಗೊಮ್ಮೆ ಗೌರವಧನಕ್ಕೆ ಅಲ್ಲಿಗೇ ಹೋಗಬೇಕು. ಒಣಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತಾ ನಿಂತಿದ್ದರೆ ಅವರು ಗಿರಾಕಿಗಳನ್ನೆಲ್ಲ ಕಳಿಸಿ ಕೊನೆಗೆ ನನ್ನ ಕಡೆ ತಿರುಗುತ್ತಿದ್ದರು. ಒಳ್ಳೆಯವರೇ. ಆದರೆ ಪ್ರತಿಸಲ ಒಂದು ಮಾತು ಹೇಳದೆ ಕವರು ಕೊಡುತ್ತಿರಲಿಲ್ಲ. "ನಿಮ್ಮ ಜಾಗಕ್ಕೆ ಆರು ಅರ್ಜಿ ಅದಾವ ನೋಡ್ರಿ ನನ್ನ ಹತ್ರ. ಆರ್ಡರ್ ಬರೋ ತನ ನಿಮ್ಮ ಹೆಸರಿನ ಮ್ಯಾಲೆ ಒಂದು ಕಪ್ಪು ಚುಕ್ಕಿ ಬೀಳಬಾರ್ದು. ಬಿತ್ತು ಅಂದ್ರೆ ನಾನು ಏನೂ ಮಾಡಾಕಾಗಲ್ಲ." ಅವರು ಬೆದರಿಸಲೆಂದು ಹೇಳುತ್ತಿದ್ದರೋ ಇಲ್ಲವೋ ತಿಳಿಯದು. ನಾನಂತೂ ಬೆದರಿ ಬರುತ್ತಿದ್ದೆ.

ಆ ಶಾಲೆಯಲ್ಲಿ ಗುಮಾಸ್ತರ ಹುದ್ದೆ ಬಹಳ ಕಾಲದಿಂದ ಖಾಲಿ. ಆದ್ದರಿಂದ ಜನವರಿ ಮುಗಿಯುತ್ತಿದ್ದಂತೆ ಎಲ್ಲ ಮೇಷ್ಟ್ರುಗಳ ಆದಾಯ ತೆರಿಗೆ ಶೀಟು ಬರೆಯುವುದು ಗಣಿತದವರ ಕೆಲಸ ಎಂದು ಪದ್ಧತಿಯಾಗಿಬಿಟ್ಟಿತ್ತು. ಹೆಡ್‌ಮಾಸ್ತರು ಖಾಲಿ ಹಾಳೆಗಳ ಕಟ್ಟನ್ನು ನನ್ನ ಮುಂದೆ ತಂದಿಟ್ಟು, "ಕೂಡ್ಸೋದು ಕಳಿಯೋದು, ನಿಮಗೇನು ದೊಡ್ಡದಲ್ಲ ಬಿಡ್ರಿ" ಎಂದರು. ತೆರಿಗೆ ಕಟ್ಟುವಷ್ಟು ಸಂಬಳ ನನಗೇ ಇರಲಿಲ್ಲ. ಆದರೆ ಹದಿನಾಲ್ಕು ಮಂದಿಯ ತೆರಿಗೆ ನನ್ನ ಪೆನ್ನಿನ ತುದಿಯಲ್ಲಿತ್ತು. ನನಗೆ ಸ್ವಲ್ಪ ಜಂಬವೂ ಬಂತು, ಸುಳ್ಳು ಹೇಳುವುದಿಲ್ಲ. ಮಂಡಿಪೇಟೆಯ ಪುಸ್ತಕದಂಗಡಿಯಲ್ಲಿ ತೆರಿಗೆಯ ಒಂದು ತೆಳು ಕೈಪಿಡಿ ಕೊಂಡು ತಂದೆ. ವಿಮೆ, ಭವಿಷ್ಯನಿಧಿ, ಉಳಿತಾಯ ಪತ್ರ, ಮಕ್ಕಳ ಶಿಕ್ಷಣ ಭತ್ಯೆ, ಎಲ್ಲದಕ್ಕೂ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಬಿಡುವಿನ ಪೀರಿಯಡ್ಡಿನಲ್ಲಿ ಮೇಷ್ಟ್ರುಗಳು ಒಬ್ಬೊಬ್ಬರಾಗಿ ರಸೀದಿಗಳನ್ನು ಹಿಡಿದು ಬರುತ್ತಿದ್ದರು, ನಾನು ಡಾಕ್ಟರ ಹಾಗೆ ನೋಡಿ ಕಳಿಸುತ್ತಿದ್ದೆ.

ಕೊಟ್ರಪ್ಪ ಮೇಷ್ಟ್ರು ಕನ್ನಡದವರು. ಕೊಕ್ಕನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು, ಆ ಮೇ ತಿಂಗಳಲ್ಲಿ ನಿವೃತ್ತಿ. ಸ್ಟಾಫ್ ರೂಮಿನಲ್ಲಿ ನನ್ನನ್ನು ಟೀಚರ್ ಎನ್ನದೆ ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ. ನಾನು ಸೇರಿದ ಮೊದಲ ವಾರ ಒಂಬತ್ತನೇ ತರಗತಿಯ ಗಲಾಟೆಗೆ ಅಳು ಬಂದು ಹೊರಗೆ ನಿಂತಿದ್ದಾಗ, ಏನೂ ಕೇಳದೆ ನನ್ನ ತರಗತಿಗೆ ಹೋಗಿ ಕೂತು, ಪೀರಿಯಡ್ ಮುಗಿಸಿಕೊಟ್ಟು ಬಂದಿದ್ದರು. ಅವರ ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ. ಆ ಓದಿಗೆ ಮೇಷ್ಟ್ರು ತಮ್ಮ ಹೆಸರಿನಲ್ಲಿ ಬ್ಯಾಂಕಿನ ಸಾಲ ತೆಗೆದು ತಿಂಗಳು ತಿಂಗಳು ಕಟ್ಟುತ್ತಿದ್ದರು. ಆ ವರ್ಷ ಸಂಬಳದ ಬಾಕಿ ಒಟ್ಟಿಗೆ ಬಂದು, ತೆರಿಗೆ ಎಂದರೆ ಏನೆಂದು ಕಾಣದವರಿಗೂ ತೆರಿಗೆ ಬಿದ್ದಿತ್ತು.

"ಅಲ್ಲವ್ವ ಸರೋಜ" ಎಂದರು, ನನ್ನ ಪಕ್ಕ ಕೂತು. "ವಿಮೆ ಕಟ್ಟಿದೋರಿಗೆ ರಿಯಾಯಿತಿ ಐತೆ. ಮಗನ್ನ ಓದಿಸಿದೋರಿಗೆ ಏನೂ ಇಲ್ಲೇನು ಈ ಸರ್ಕಾರದಾಗೆ?"

ನಾನು ಕೈಪಿಡಿ ತಿರುವಿದೆ. ಇತ್ತು! 'ಉನ್ನತ ಶಿಕ್ಷಣಕ್ಕಾಗಿ ಪಡೆದ ಸಾಲದ ಮರುಪಾವತಿ' ಎಂದು ಪುಟದ ಕೆಳಗೆ ದಪ್ಪಕ್ಷರದಲ್ಲಿತ್ತು. ಇಂಜಿನಿಯರಿಂಗ್, ವೈದ್ಯಕೀಯ ಎಂದೆಲ್ಲ ಹೆಸರಿತ್ತು. "ಐತ್ರಿ ಸರ್, ನೋಡ್ರಿ!" ಎಂದು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ನಾನು ಕಳೆದು ತೋರಿಸಿದಾಗ ಅವರ ತೆರಿಗೆ ಪೂರ್ತಿ ಸೊನ್ನೆಯಾಯಿತು. ಮೇಷ್ಟ್ರು ಬಹಳ ಹೊತ್ತು ಆ ಸೊನ್ನೆಯನ್ನೇ ನೋಡಿದರು. ಮಾರನೆಯ ವಾರ ಮಗಳು ಸುಮಳನ್ನು ದಾವಣಗೆರೆಯ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ ಸುದ್ದಿ ಹೇಳಿದರು. "ಅಣ್ಣಂದು ಮುಗೀಲಿ ಅಂತ ಎರಡು ವರ್ಷದಿಂದ ಕಾಯ್ತಿದ್ಲು. ನಿನ್ನ ಪುಣ್ಯ ನೋಡವ್ವ" ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಾರ್ಚ್ ಮೊದಲ ವಾರ ಶಾಲೆಗೆ ಕಂದು ಬಣ್ಣದ ಒಂದು ಲಕೋಟೆ ಬಂತು. ಆದಾಯ ತೆರಿಗೆ ಕಚೇರಿಯದು. ಸಿಬ್ಬಂದಿಯ ಎಲ್ಲ ಶೀಟುಗಳನ್ನೂ ಅವುಗಳ ಮೂಲ ದಾಖಲೆಗಳನ್ನೂ ತೆಗೆದುಕೊಂಡು ತಿಂಗಳ ಕೊನೆಯ ವಾರ ದಾವಣಗೆರೆಯ ಕಚೇರಿಗೆ ಹಾಜರಾಗಬೇಕು ಎಂದಿತ್ತು. ಹೆಡ್‌ಮಾಸ್ತರು ಸ್ಟಾಫ್ ರೂಮಿನಲ್ಲಿ ಓದಿ ಹೇಳಿ, "ವರ್ಷದ ಕೊನಿಗೆ ಎಲ್ಲಾ ಶಾಲಿಗೂ ಹಿಂಗೇ ಕರೀತಾರ" ಎಂದು ಸಮಾಧಾನ ಮಾಡಿದರು. ಆಮೇಲೆ ನನ್ನ ಕಡೆ ನೋಡಿ, "ಎಲ್ಲಾ ಸರಿ ಅದಾವಲ್ರಿ ಟೀಚರ್?" ಎಂದರು. ಸರಿ ಇವೆ ಎಂದೆ. ಆಗ ಅದು ನಿಜವೆಂದೇ ನಂಬಿದ್ದೆ.

ಅವತ್ತು ಸಂಜೆ ಮನೆಯಲ್ಲಿ ಮತ್ತೊಮ್ಮೆ ನೋಡಿಬಿಡೋಣ ಎಂದು ಕೈಪಿಡಿ ತೆಗೆದೆ. ಶಿಕ್ಷಣ ಸಾಲದ ಪುಟಕ್ಕೆ ಬಂದು, ಕೆಂಪು ಗೆರೆ ನೋಡಿ, ಯಾಕೋ ಹಾಳೆ ಮಗುಚಿದೆ. ಆ ಸಾಲಿನ ವಿವರಣೆ ಮುಂದಿನ ಪುಟಕ್ಕೂ ಹರಿದಿತ್ತು. ತೆರಿಗೆದಾರನು ತನ್ನ ಸ್ವಂತ ವ್ಯಾಸಂಗಕ್ಕೆ ಪಡೆದ ಸಾಲವಾಗಿರಬೇಕು, ಮಕ್ಕಳ ಅಥವಾ ಇತರರ ವ್ಯಾಸಂಗಕ್ಕೆ ಪಡೆದ ಸಾಲಕ್ಕೆ ಅನ್ವಯಿಸುವುದಿಲ್ಲ.

ಮೂರು ಸಲ ಓದಿದೆ, ನಾಲ್ಕನೆಯ ಸಲ ಬಾಯಿಬಿಟ್ಟು ಓದಿದೆ. ನಮ್ಮ ಕಡೆ ಯಾವ ಹುಡುಗ ತನ್ನ ಓದಿನ ಸಾಲ ತಾನು ತೀರಿಸಿದ್ದನ್ನು ನಾನು ಕಂಡಿದ್ದೆ? ಮಗ ಓದುತ್ತಾನೆ, ಅಪ್ಪ ಕಟ್ಟುತ್ತಾನೆ. ಎರಡೂ ಒಂದೇ ಮನೆಯ ಸಾಲ. ಓದಿದವನು ಯಾರು, ಕಟ್ಟಿದವನು ಯಾರು ಎಂದು ಬೇರೆ ಬೇರೆ ಕೇಳುವ ಕಾನೂನು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕೊಟ್ರಪ್ಪ ಮೇಷ್ಟ್ರಿಗೂ ಹೊಳೆದಿರಲಿಲ್ಲ. ಸಹಿ ಹಾಕಿದ ಹೆಡ್‌ಮಾಸ್ತರಿಗೂ ಹೊಳೆದಿರಲಿಲ್ಲ. ಆದರೆ ಶೀಟು ಬರೆದವಳು ನಾನು. ಪ್ರತಿ ಅಕ್ಷರವೂ ನನ್ನದು.

ಕೈಪಿಡಿಯನ್ನು ಅಕ್ಕಿ ಡಬ್ಬದ ಹಿಂದೆ ಸರಿಸಿಟ್ಟೆ. ಅಮ್ಮ "ಯಾಕೆ ಒಂಥರಾ ಅದೀ?" ಎಂದರು. ತಲೆನೋವು ಎಂದೆ.

ಮರುದಿನ ಹೋಗಿ ಹೇಳಿಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಅದು ಇವತ್ತು ಗೊತ್ತು. ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. ಸುಳ್ಳು ಲೆಕ್ಕ ಬರೆದು ಸರ್ಕಾರಕ್ಕೆ ಮೋಸ ಮಾಡಿದ ಟೀಚರ್. ಶಾಲೆಗೆ ನೋಟೀಸು. ಮಂಡಿಪೇಟೆಯ ಅಂಗಡಿಯಲ್ಲಿ ಕಾರ್ಯದರ್ಶಿಗಳು ಆರು ಅರ್ಜಿಗಳ ಕಟ್ಟು ಬಿಚ್ಚುವುದು. ಬಸ್ಸಿನಲ್ಲಿ ಕೂತರೂ ಅದೇ, ಕರಿಹಲಗೆಯ ಮುಂದೆ ನಿಂತರೂ ಅದೇ. ಆ ಮಾರ್ಚಿನ ಬಿಸಿಲು ಬೇರೆ ವಿಪರೀತ. ಹರಿಹರದ ಸೇತುವೆಯ ಮೇಲಿಂದ ನೋಡಿದರೆ ಹೊಳೆ ಬಂಡೆಗಳ ನಡುವೆ ಸಣ್ಣಗಾಗಿ ಹರಿಯುತ್ತಿತ್ತು. ಹತ್ತನೆಯವರಿಗೆ ಪರೀಕ್ಷೆಗೆ ಮುಂಚಿನ ಪುನರಾವರ್ತನೆ ನಡೆಸಬೇಕಾದ ಹೊತ್ತಿನಲ್ಲಿ ನಾನು ಹಲಗೆಯ ಮೇಲೆ ಏಳೆಂಟಲ ಐವತ್ತನಾಲ್ಕು ಎಂದು ಬರೆದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಮತ್ತೊಂದು ಕಂದು ಲಕೋಟೆ ಬಂತೇ ಎಂದು ಕಿಟಕಿಗೆ ಹೋಗಿ ನೋಡುತ್ತಿದ್ದೆ. ಹೆಡ್‌ಮಾಸ್ತರು ಯಾವುದೋ ಕೆಲಸಕ್ಕೆ ಹೇಳಿ ಕಳಿಸಿದರೂ, ಗೊತ್ತಾಗಿಬಿಟ್ಟಿತು ಎಂದುಕೊಂಡೇ ಹೋಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಕೊಟ್ರಪ್ಪ ಮೇಷ್ಟ್ರು ಎದುರಾದರೆ ತರಗತಿಗೆ ಹೊತ್ತಾಯಿತೆಂದು ಪಕ್ಕಕ್ಕೆ ಸರಿದುಬಿಡುತ್ತಿದ್ದೆ. ಒಂದು ದಿನ ಅವರೇ ಹಿಡಿದು ನಿಲ್ಲಿಸಿದರು.

"ನಂದು ಸರಿ ಐತಲ್ಲವ್ವ? ನಿವೃತ್ತಿ ಟೈಮು, ಪೆನ್ಷನ್ ಕಾಗದ ಹೋಗಬೇಕು. ಅದಕ್ಕೆ ಕೇಳ್ದೆ."

ಪೆನ್ಷನ್! ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಹದಿನೈದು ದಿನದಿಂದ ನನ್ನೊಬ್ಬಳ ಬಗ್ಗೆಯೇ ಹೆದರುತ್ತಿದ್ದೆ.

"ಸರಿ ಐತ್ರಿ ಸರ್" ಎಂದೆ.

ಅವರ ಬೆನ್ನು ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ. ನಾಳೆ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ಗಟ್ಟಿ ಮಾಡಿಕೊಂಡೆ. ಮಾರನೆಯ ದಿನ ಶನಿವಾರ, ಬೆಳಗಿನ ಶಾಲೆ. ಮೊದಲ ಬಸ್ಸಿಗೇ ಹೋದೆ. ಹೆಡ್‌ಮಾಸ್ತರ ಕೋಣೆಯ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅವರೇ ನಗುತ್ತಾ ಹೊರಗೆ ಬಂದರು. "ಬರ್ರಿ ಟೀಚರ್, ನಿಮ್ಮ ಫೈಲು ಮ್ಯಾಲೆ ಹೋಗೈತಂತೆ. ಕಾರ್ಯದರ್ಶಿಗಳು ಈಗಷ್ಟೇ ಫೋನ್ ಮಾಡಿದ್ರು. ಇನ್ನು ಸಹಿ ಒಂದೇ ಬಾಕಿ." ಹೇಳಬೇಕೆಂದು ಬಂದ ಮಾತು ಅಲ್ಲೇ ಉಳಿಯಿತು. ಸಹಿ ಒಂದೇ ಬಾಕಿ. ಈಗ ಹೇಳುವುದೇ? ಆದೇಶ ಕೈಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರೊಳಗೆ ತೆರಿಗೆ ಕಚೇರಿಗೆ ಹಾಜರಾಗುವ ದಿನ ಬಂದುಬಿಡುತ್ತದೆ ಎಂಬುದು ಗೊತ್ತಿದ್ದೂ ಹಾಗೆ ಅಂದುಕೊಂಡೆ. ಸಂಜೆ ಅಪ್ಪನಿಗೆ ಫೈಲಿನ ಸುದ್ದಿ ಹೇಳಿದಾಗ ಅವರು ದೇವರ ಗೂಡಿನ ಮುಂದೆ ಹೋಗಿ ನಿಂತರು. ಅವರ ಹೆಗಲು ಅಲುಗುತ್ತಿದ್ದದ್ದನ್ನು ನೋಡಲಾಗದೆ ನಾನು ಅಡುಗೆಮನೆಗೆ ಹೋದೆ.

ಕಚೇರಿಗೆ ಹಾಜರಾಗುವ ದಿನ ಹೆಡ್‌ಮಾಸ್ತರು, ಕೊಟ್ರಪ್ಪ ಮೇಷ್ಟ್ರು, ನಾನು ಮೂವರೂ ಹೋದೆವು. ಲೆಕ್ಕ ಬಲ್ಲವರು ಒಬ್ಬರಿರಲಿ ಎಂದು ನನ್ನನ್ನು ಕರೆದಿದ್ದರು. ಮೇಷ್ಟ್ರು ಮಾತ್ರ ತಾವಾಗಿಯೇ ಬಂದಿದ್ದರು, ಯಾಕೆಂದು ನಾನು ಕೇಳಲಿಲ್ಲ. ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಬೇರೆ ಬೇರೆ ಶಾಲೆಗಳವರು ಕಡತ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಸರು ಕರೆದಾಗಲೆಲ್ಲ ಒಬ್ಬರು ಎದ್ದು ಒಳಗೆ ಹೋಗುತ್ತಿದ್ದರು. ಮೂಲೆಯ ಮಣ್ಣಿನ ಹೂಜಿಯಿಂದ ಮೂರು ಸಲ ನೀರು ಕುಡಿದೆ. ಎದ್ದು ಓಡಿಬಿಡಲೇ ಎಂದು ನಿಜವಾಗಿಯೂ ಬಾಗಿಲ ಕಡೆ ನೋಡಿದೆ. ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಮೇಷ್ಟ್ರು ಇದ್ದರು, ನಾಲ್ಕು ಮೊಳದ ದೂರ. ಆಗಲೂ ಹೇಳಬಹುದಿತ್ತು.

ಅಧಿಕಾರಿ ನಡುವಯಸ್ಸಿನವರು, ಮೈಸೂರು ಕಡೆಯ ಮಾತು. ಒಂದೊಂದೇ ಶೀಟು ಮಗುಚುತ್ತಾ ರಸೀದಿಗೆ ಟಿಕ್ ಹಾಕುತ್ತಾ ಹೋದರು. ಒಂಬತ್ತನೆಯದೋ ಹತ್ತನೆಯದೋ ಶೀಟಿಗೆ ಬಂದು ನಿಂತರು.

"ಕೊಟ್ರಪ್ಪ ಅಂದರೆ ಯಾರು?"

"ನಾನೇ ಸ್ವಾಮಿ."

"ಈ ಸಾಲದಲ್ಲಿ ಓದಿದ್ದು ಯಾರು?"

"ನನ್ನ ಮಗ ಸ್ವಾಮಿ."

"ಮಗ ಓದಿದ್ದಕ್ಕೆ ನಿಮಗೆ ಬರುವುದಿಲ್ಲ ಮೇಷ್ಟ್ರೇ. ನೀವು ಓದಿದ್ದರೆ ಮಾತ್ರ." ಅವರು ಶೀಟನ್ನು ಎತ್ತಿ ಹಿಡಿದರು. "ಯಾರು ಇದನ್ನು ಬರೆದದ್ದು?"

ಮುಗಿಯಿತು ಎಂದುಕೊಂಡೆ. ಎದ್ದು ನಿಲ್ಲಬೇಕೆಂದುಕೊಂಡೆ, ನಿಲ್ಲಲಿಲ್ಲ. ಹೆಡ್‌ಮಾಸ್ತರು ಮೇಜಿನ ಅಂಚು ನೋಡುತ್ತಿದ್ದರು.

"ನಾನೇ ಬರ್ಕಂಡೆ ಸ್ವಾಮಿ" ಎಂದರು ಕೊಟ್ರಪ್ಪ ಮೇಷ್ಟ್ರು.

ಅಧಿಕಾರಿ ಹಿಂದಿನ ಹಾಳೆ ನೋಡಿದರು, ಮುಂದಿನದು ನೋಡಿದರು. "ಉಳಿದದ್ದೆಲ್ಲ ಒಬ್ಬರದೇ ಬರವಣಿಗೆ ಇದೆ. ನಿಮ್ಮದೊಂದೇ ಬೇರೆ."

"ನನ್ನ ಮಗನ ಸಾಲದ ವಿಚಾರ ಇನ್ನೊಬ್ಬರ ಹತ್ರ ಯಾಕ ಬರೆಸ್ಲಿ ಅಂತ ನಂದು ನಾನೇ ಬರೆದೆ. ಕನ್ನಡ ಮೇಷ್ಟ್ರು ನಾನು, ಕಾನೂನು ತಿಳೀಲಿಲ್ಲ. ತಪ್ಪಾತು."

ಆಗ ನಾನು ಕತ್ತೆತ್ತಿ ಆ ಶೀಟು ನೋಡಿದೆ. ನನ್ನ ಅಕ್ಷರ ಅಲ್ಲ ಅದು. ಇಂಗ್ಲಿಷ್ ಅಂಕಿಗಳೂ ಅಕ್ಷರಗಳೂ ಕನ್ನಡದ ಹಾಗೆ ದುಂಡಗೆ, ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ಕೂತಿದ್ದವು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ. ಕೆಳಗೆ ಹೆಡ್‌ಮಾಸ್ತರ ಸಹಿಯೂ ಹೊಸದಾಗಿ ಬಿದ್ದಿತ್ತು.

ಅಧಿಕಾರಿ ಬೈಯುತ್ತಾರೆ, ಕೇಸು ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಆ ಸಾಲಿನ ಮೇಲೆ ಅಡ್ಡ ಗೆರೆ ಎಳೆದು, "ಮಾರ್ಚ್ ಸಂಬಳದಲ್ಲಿ ಹಿಡಿದು ಕಟ್ಟಿಬಿಡಿ, ಸಾರ್. ಇಂಥ ತಪ್ಪು ದಿನಕ್ಕೆ ನಾಲ್ಕು ಬರುತ್ತವೆ" ಎಂದು ಹೆಡ್‌ಮಾಸ್ತರಿಗೆ ಹೇಳಿ ಮುಂದಿನ ಶೀಟು ತೆಗೆದರು. ಅಷ್ಟೇ. ನನ್ನ ನಿದ್ದೆ ಕೆಡಿಸಿದ್ದು ಐದು ನಿಮಿಷದ ಈ ಕೆಲಸ.

ಹೊರಗೆ ಬಂದ ಮೇಲೆ ಹೆಡ್‌ಮಾಸ್ತರು ಇಲಾಖೆಯ ಕಚೇರಿಗೆಂದು ಹೋದರು. ನಾನೂ ಮೇಷ್ಟ್ರೂ ಬಸ್ ನಿಲ್ದಾಣದವರೆಗೆ ನಡೆದೆವು. ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

"ಸರ್, ಆ ಶೀಟು..." ಎಂದೆ.

"ಬ್ಯಾಂಕಿನೋರು ಹೇಳಿದ್ರವ್ವ" ಎಂದರು. "ಹಿಂದಿನ ವಾರ ಸಾಲದ ಸರ್ಟಿಫಿಕೇಟ್ ತರಾಕೆ ಹೋಗಿದ್ನಲ್ಲ, ಅಲ್ಲಿ ಸಾಹೇಬ್ರು ನಕ್ಕಬಿಟ್ರು. ಮಗನ ಸಾಲ ನಡೆಯಂಗಿಲ್ಲ ಮೇಷ್ಟ್ರೆ ಅಂದ್ರು. ಹೆಡ್‌ಮಾಸ್ತರ ಹತ್ರ ಹೋಗಿ ಕೂತು ವಿಚಾರ ಮಾಡಿದ್ವಿ. ಮೊತ್ತದ ಪಟ್ಟಿ ಮೊದ್ಲೇ ತೆರಿಗೆ ಆಫೀಸಿಗೆ ಹೋಗೈತೆ, ಅಂಕಿ ಈಗ ತಿದ್ದಾಕಾಗಲ್ಲ. ಅಲ್ಲಿ ಹೊಡೆದು ಹಾಕ್ತಾರ, ಅದು ಇರ್ಲಿ. ಆದ್ರೆ ಹಾಳೆ ಮ್ಯಾಲೆ ನಿನ್ನ ಅಕ್ಷರ ಐತೆ. ಕಾರ್ಯದರ್ಶಿ ಕಿವಿಗೆ ಬಿದ್ರೆ? ಫೈಲು ಸಹಿಗೆ ಹೋಗೈತೆ. ಈ ಹೊತ್ತಿನಾಗೆ ಬ್ಯಾಡ ಅನ್ನಿಸ್ತು. ನಂದು ಮುಗಿಯೋ ಸರ್ವಿಸು, ನನ್ನನ್ನ ಏನು ಮಾಡ್ತಾರ."

"ನಂಗೆ ಯಾಕೆ ಹೇಳ್ಲಿಲ್ಲ ಸರ್?"

"ಹೇಳಿದ್ರೆ ಹೆದರ್ತಿದ್ದಿ."

ಸುಮಳ ಕಂಪ್ಯೂಟರ್ ಕ್ಲಾಸಿನ ಗತಿಯೇನು ಎಂದು ಕೇಳಿದೆ. ಎರಡು ತಿಂಗಳು ಬಿಡಿಸಿದೀನಿ, ಪೆನ್ಷನ್ ದುಡ್ಡು ಬಂದ ಮೇಲೆ ಮತ್ತೆ ಹೋಗ್ತಾಳೆ ಎಂದರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಹರಿಹರದ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಒಂದು ಕಂಬದ ನೆರಳಿಗೆ ನಿಂತೆವು.

"ನಿಂಗೆ ಯಾವಾಗ ಗೊತ್ತಾತವ್ವ?" ಎಂದರು ಮೇಷ್ಟ್ರು.

ಅವರ ದನಿಯಲ್ಲಿ ಯಾವ ಅನುಮಾನವೂ ಇರಲಿಲ್ಲ. ಬರೀ ಮಾತಿಗೆ ಕೇಳಿದ ಹಾಗಿತ್ತು. ಹೆದರಲು ಇನ್ನೇನೂ ಉಳಿದಿರಲಿಲ್ಲ. ಅಧಿಕಾರಿ ಗೆರೆ ಎಳೆದಾಗಿತ್ತು, ನನ್ನ ಹೆಸರು ಎಲ್ಲೂ ಬಂದಿರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಇದು.

"ಇವತ್ತೇ ಸರ್. ಅವ್ರು ಹೇಳಿದಾಗ್ಲೇ."

"ನಾನೂ ಅದನ್ನೇ ಅಂದೆ" ಎಂದರು ಅವರು, ತುಂಬ ಸಮಾಧಾನವಾದವರ ಹಾಗೆ. "ಹೆಡ್‌ಮಾಸ್ತರು ಅಂತಿದ್ರು, ಆ ಟೀಚರ್ ಮುಖ ನೋಡಿದ್ರೆ ಮೊದ್ಲೇ ಗೊತ್ತಾಗಿರಬೇಕು ಅನ್ನಿಸ್ತೈತೆ ಅಂತ. ನಾನು ಒಪ್ಪಲಿಲ್ಲ. ಗೊತ್ತಿದ್ರೆ ಬಂದು ಹೇಳ್ತಿತ್ತು, ಅಂಥಾ ಹುಡುಗಿ ಅಲ್ಲ ಅದು ಅಂದೆ."

ಬಸ್ಸು ಬಂತು. ನುಗ್ಗಿದ ಜನರ ನಡುವೆ ಅವರು ಹೇಗೋ ಕಿಟಕಿಯ ಪಕ್ಕ ಸೀಟು ಹಿಡಿದು, ಹೊರಗೆ ತಲೆ ಹಾಕಿ, "ಆರ್ಡರ್ ಬಂದ ದಿನ ಮೊದ್ಲು ನಂಗೆ ಹೇಳ್ಬೇಕು ನೋಡು" ಎಂದರು. ಹೇಳ್ತೀನಿ ಸರ್ ಎಂದೆ.

ಏಪ್ರಿಲ್‌ನಲ್ಲಿ ಆದೇಶ ಬಂತು. ಅಪ್ಪನಿಗೂ ಮೊದಲು ಅವರಿಗೇ ಹೇಳಿದೆ. ಆಮೇಲೆ ಅವರ ನಿವೃತ್ತಿಯವರೆಗೂ ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತೆವು. ನನಗೆ ಮೊದಲೇ ಗೊತ್ತಿತ್ತೆಂದು ದಿನವೂ ಹೇಳಬೇಕೆಂದುಕೊಂಡೇ ಹೋಗುತ್ತಿದ್ದೆ. ಹೇಳಲಿಲ್ಲ.